ಅಕಶೇರುಕ ಪ್ರಾಣಿಗಳೆಲ್ಲಕ್ಕೂ ಸಮಾನವಾದ ಲಕ್ಷಣಗಳು ಯಾವುವು?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಶಿರಸಿ):

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಗೆ ಪ್ರಾಣಿಗಳ ವರ್ಗೀಕರಣದ ಪಾಠ ಮಾಡುತ್ತಿದ್ದೇನೆ. ಮಕ್ಕಳ ಕೈಯಲ್ಲಿರುವ ಗೈಡೊಂದರಲ್ಲಿ ಅಕಶೇರುಕಗಳ ಸಾಮಾನ್ಯ ಲಕ್ಷಣಗಳೆಂದು ಹೀಗೆ ಕೊಟ್ಟಿದ್ದಾರೆ: ಬೆನ್ನುಮೂಳೆ ಇಲ್ಲ, ಗಾತ್ರದಲ್ಲಿ ಚಿಕ್ಕವು, ಶೀತರಕ್ತ ಪ್ರಾಣಿಗಳು (ಮೈಯ ಬಿಸಿ ಸುತ್ತಲಿನದಕ್ಕೆ ತಕ್ಕಂತೆ ಬದಲಾಗುವವು), ತೆರೆದ ರಕ್ತಪರಿಚಲನೆ (ರಕ್ತ ನಾಳಗಳೊಳಗೇ ಉಳಿಯದೆ ಅಂಗಗಳ ಸುತ್ತ ಹರಿಯುವುದು), ಹೊಟ್ಟೆಯ ಭಾಗದಲ್ಲಿ ನರಹುರಿ. ಎರೆಹುಳು, ಏಡಿ, ನಕ್ಷತ್ರಮೀನು, ಸ್ಪಂಜು ಇವಿಷ್ಟನ್ನೇ ತೆಗೆದುಕೊಂಡರೂ ಮೊದಲನೆಯದನ್ನು ಬಿಟ್ಟು ಉಳಿದವು ಎಲ್ಲಕ್ಕೂ ಹೊಂದುವಂತೆ ಕಾಣುತ್ತಿಲ್ಲ. ನಿಜವಾಗಿ ಸಮಾನವಾದದ್ದು ಏನಿದೆ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಪ್ರಾಣಿಶಾಸ್ತ್ರ ಉಪನ್ಯಾಸಕ, ಮೈಸೂರು):

ಮೇಡಂ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಎಲ್ಲ ಅಕಶೇರುಕಗಳಲ್ಲೂ ಇದ್ದು ಕಶೇರುಕಗಳಲ್ಲಿ ಮಾತ್ರ ಇಲ್ಲದಂಥ ಲಕ್ಷಣ ಒಂದೂ ಇಲ್ಲ; ಬೆನ್ನುಮೂಳೆ ಇಲ್ಲವೆಂಬುದೊಂದೇ ಅವನ್ನೆಲ್ಲ ಒಟ್ಟಿಗೆ ಸೇರಿಸಿದೆ. ಅವು ಬಹುಕೋಶೀಯ ಜೀವಿಗಳು, ಅವುಗಳ ಜೀವಕೋಶಗಳಿಗೆ ಕೋಶಭಿತ್ತಿ ಇಲ್ಲ, ಆಹಾರಕ್ಕೆ ಇತರ ಜೀವಿಗಳನ್ನು ಅವಲಂಬಿಸುತ್ತವೆ ಎಂಬುದೆಲ್ಲ ನಿಜವೇ ಆದರೂ ಆ ಮಾತುಗಳು ಆನೆಗೂ ಮನುಷ್ಯನಿಗೂ ಅಷ್ಟೇ ಸಲ್ಲುತ್ತವೆ.

ಗೈಡಿನ ಪಟ್ಟಿಯನ್ನು ಸ್ಪಂಜಿಗೆ ಹಚ್ಚಿ ನೋಡಿದರೆ ಸಾಕು, ಹೆಚ್ಚಿನವು ಬಿದ್ದುಹೋಗುತ್ತವೆ, ಏಕೆಂದರೆ ಅದಕ್ಕೆ ರಕ್ತವೂ ಇಲ್ಲ, ನರವೂ ಇಲ್ಲ. ಚಿಕ್ಕ ಗಾತ್ರವೆಂಬುದೂ ನಿಲ್ಲುವುದಿಲ್ಲ: 2007ರಲ್ಲಿ ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ನ್ಯೂಜಿಲೆಂಡಿನ ಮೀನುಗಾರರಿಗೆ ಸಿಕ್ಕ ಬೃಹತ್ ಸ್ಕ್ವಿಡ್ 495 ಕಿಲೋ ತೂಗಿತ್ತು. ಶೀತರಕ್ತ ಎಂದರೆ ಕಪ್ಪೆ, ಹಾವುಗಳೂ ಅದರಲ್ಲಿ ಬರುತ್ತವೆ. ಇತ್ತ ಜೇನುಹುಳುಗಳು ಹಾರಾಟದ ಸ್ನಾಯುಗಳನ್ನು ಕಂಪಿಸಿ, ಮರಿಗಳಿರುವ ಎರಿಯನ್ನು ಸುಮಾರು 33ರಿಂದ 35 ಡಿಗ್ರಿಯಷ್ಟು ಬೆಚ್ಚಗೆ ಇಟ್ಟುಕೊಳ್ಳುತ್ತವೆ.

ರಕ್ತಪರಿಚಲನೆಯ ವಿಷಯವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಹುದು. ಎರೆಹುಳುವನ್ನು ನೀರಿನಲ್ಲಿ ಮೆಲ್ಲಗೆ ತೊಳೆದು ಒದ್ದೆ ಕಾಗದದ ಮೇಲೆ ಬಿಟ್ಟರೆ, ಚರ್ಮ ತೆಳುವಾಗಿರುವ ಹುಳುವಿನ ಬೆನ್ನುದ್ದಕ್ಕೂ ಕಡುಗೆಂಪು ಗೆರೆಯೊಂದು ಕಾಣುತ್ತದೆ ಮತ್ತು ಅದರಲ್ಲಿ ರಕ್ತ ಬಾಲದ ಕಡೆಯಿಂದ ತಲೆಯ ಕಡೆಗೆ ಅಲೆಯಲೆಯಾಗಿ ಸಾಗುವುದನ್ನು ಗಮನಿಸಬಹುದು. ಅದು ಬೆನ್ನಿನ ರಕ್ತನಾಳ. ಅಲ್ಲಿರುವುದು ನಮ್ಮಲ್ಲಿರುವಂತೆಯೇ ಮುಚ್ಚಿದ ಪರಿಚಲನೆ, ಅಂದರೆ ರಕ್ತ ನಾಳಗಳೊಳಗೇ ಹರಿಯುತ್ತದೆ. ಆಕ್ಟೋಪಸ್‌ನಲ್ಲಿಯೂ ಹಾಗೆಯೇ. ತೆರೆದ ಪರಿಚಲನೆ ಎಂಬುದು ಕೀಟ, ಏಡಿ, ಬಸವನಹುಳು ಮುಂತಾದವುಗಳಿಗೆ ಸರಿ.

ಉತ್ತರ 2 (ಓದುಗ, ಕುಂದಾಪುರ):

ನರಹುರಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸಿಗಡಿ ಸ್ವಚ್ಛ ಮಾಡುವಾಗ ಬೆನ್ನಿನ ಕಡೆಯಿಂದ ನಾವು ಎಳೆದು ತೆಗೆಯುವ ಕಪ್ಪು ಎಳೆ ಅದರ ಕರುಳು. ಹೊಟ್ಟೆಯ ಕಡೆ ಸೀಳಿದರೆ ಸಿಗುವ ಇನ್ನೊಂದು ತೆಳುವಾದ ಎಳೆ ನರಹುರಿ. ಗೈಡು ಬರೆದವರು ಇಂಥ ಪ್ರಾಣಿಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಂತಿದೆ. ನಕ್ಷತ್ರಮೀನಿನಲ್ಲಾದರೋ ಬಾಯಿಯ ಸುತ್ತ ನರದ ಉಂಗುರವೊಂದಿದ್ದು, ಅಲ್ಲಿಂದ ಪ್ರತಿ ತೋಳಿಗೂ ಒಂದೊಂದು ನರ ಹೋಗುತ್ತದೆ. ಮಿದುಳು ಎನ್ನುವಂಥದ್ದೇ ಇಲ್ಲ.

ಉತ್ತರ 3 (ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು):

ಈ ಗುಂಪು ಹುಟ್ಟಿದ ಬಗೆಯನ್ನು ನೋಡಿದರೆ ಗೊಂದಲದ ಮೂಲ ತಿಳಿಯುತ್ತದೆ. ಜೀವಿಗಳ ವರ್ಗೀಕರಣಕ್ಕೆ ಹೆಸರಾದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇವನ್ನೆಲ್ಲ ಕೀಟಗಳು, ಹುಳುಗಳು ಎಂಬ ಎರಡೇ ವರ್ಗಗಳಲ್ಲಿ ತುಂಬಿದ್ದರು. 1793ರಲ್ಲಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಈ ಕೀಟ, ಹುಳುಗಳ ವಿಭಾಗದ ಪ್ರಾಧ್ಯಾಪಕರಾದ ಫ್ರೆಂಚ್ ವಿಜ್ಞಾನಿ ಲಾಮಾರ್ಕ್ ಅವುಗಳಿಗೆ ‘ಬೆನ್ನುಮೂಳೆ ಇಲ್ಲದ ಪ್ರಾಣಿಗಳು’ ಎಂಬ ಹೆಸರು ಕೊಟ್ಟರು. ಜೇಡಗಳನ್ನೂ ಏಡಿಗಳನ್ನೂ ಕೀಟಗಳಿಂದ ಬೇರ್ಪಡಿಸಿದವರೂ ಅವರೇ. ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಹೆಸರೊಂದೇ ಆದ ಮಾತ್ರಕ್ಕೆ ಇವೆಲ್ಲ ಒಂದೇ ಕವಲಿನವು ಎಂದಾಗುವುದಿಲ್ಲ. ದೊಡ್ಡ ಮನೆತನವೊಂದರಲ್ಲಿ ಒಬ್ಬ ಮೊಮ್ಮಗನ ಸಂತತಿಯನ್ನು ಬಿಟ್ಟು ಉಳಿದವರಿಗೆಲ್ಲ ಒಂದೇ ಹೆಸರಿಟ್ಟಂತೆ ಇದು.

ನಕ್ಷತ್ರಮೀನಿನ ಭ್ರೂಣದಲ್ಲಿ ಮೊದಲು ಮೂಡುವ ರಂಧ್ರ, ನಮ್ಮಲ್ಲಿರುವಂತೆಯೇ, ಮುಂದೆ ಗುದದ್ವಾರದ ಜಾಗವಾಗುತ್ತದೆ. ವಂಶಾವಳಿಯಲ್ಲಿ ಅದು ಏಡಿಗಿಂತ ನಮಗೇ ಹತ್ತಿರ. ಬಂಡೆಗಳಿಗೆ ಅಂಟಿ ಬದುಕುವ ಕಡಲಜೀವಿಗಳಾದ ಅಸೀಡಿಯನ್‌ಗಳ ಕತೆ ಇನ್ನೂ ಸೊಗಸಾದದ್ದು. ಬೆಳೆದಾಗ ಚೀಲದಂತಿರುವ ಇವುಗಳ ಲಾರ್ವಾಗಳಲ್ಲಿ (ಮರಿಹಂತದಲ್ಲಿ), ಬೆನ್ನುಮೂಳೆಯ ಪೂರ್ವರೂಪವಾದ ನೋಟೋಕಾರ್ಡ್ ಇರುವುದನ್ನು ರಷ್ಯಾದ ವಿಜ್ಞಾನಿ ಕೊವಲೆವ್‌ಸ್ಕಿ 1866ರಲ್ಲಿ ವಿವರಿಸಿದರು. ಹೀಗಿದ್ದೂ ಬೆನ್ನುಮೂಳೆ ಇಲ್ಲದ ಕಾರಣ ಅವೂ ಅಕಶೇರುಕಗಳ ಪಾಲಿಗೇ ಬರುತ್ತವೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಪರೀಕ್ಷೆಯಲ್ಲಿ ‘ಅಕಶೇರುಕಗಳ ಎರಡು ಸಾಮಾನ್ಯ ಲಕ್ಷಣಗಳನ್ನು ಬರೆಯಿರಿ’ ಎಂದು ಬಂದರೆ ಮಕ್ಕಳು ಏನು ಬರೆಯಬೇಕು?

ಉತ್ತರ 1ರವರು:

ಬೆನ್ನುಮೂಳೆ ಇಲ್ಲ, ಮೂಳೆಯಿಂದಾದ ಒಳ ಅಸ್ಥಿಪಂಜರವೂ ಇಲ್ಲ ಎಂದು ಬರೆಯಲಿ, ಎರಡೂ ತಪ್ಪಲ್ಲ. ಉಳಿದ ಯಾವ ಲಕ್ಷಣವನ್ನು ಬರೆದರೂ ‘ಹೆಚ್ಚಿನವುಗಳಲ್ಲಿ’ ಅಥವಾ ‘ಕೆಲವು ವಂಶಗಳಲ್ಲಿ’ ಎಂದು ಸೇರಿಸುವ ಅಭ್ಯಾಸ ಮಾಡಿಸಿ. ಹೆಸರಿಟ್ಟಿರುವ ಪ್ರಾಣಿ ಪ್ರಭೇದಗಳಲ್ಲಿ ನೂರಕ್ಕೆ ಸುಮಾರು 95 ಅಕಶೇರುಕಗಳೇ ಆಗಿರುವುದರಿಂದ, ಪಾಠದ ಹೆಚ್ಚಿನ ಸಮಯವನ್ನು ಪೊರಿಫೆರಾ (ಸ್ಪಂಜುಗಳು), ಅನೆಲಿಡಾ (ಎರೆಹುಳುವಿನಂಥವು), ಆರ್ಥ್ರೋಪೋಡಾ (ಕೀಟ, ಜೇಡ, ಏಡಿ), ಮೊಲಸ್ಕಾ (ಬಸವನಹುಳು, ಆಕ್ಟೋಪಸ್), ಎಕೈನೋಡರ್ಮೇಟಾ (ನಕ್ಷತ್ರಮೀನಿನಂಥವು) ಮುಂತಾದ ವಂಶಗಳಿಗೇ ಕೊಡಿ. ಸಮಾನ ಲಕ್ಷಣಗಳು ನಿಜವಾಗಿ ಸಿಗುವುದು ಆ ಒಂದೊಂದು ವಂಶದೊಳಗೆ.