ಅಪ್‌ಡೇಟ್: ಮಗಳ ಕಾಲೇಜಿಗೆ ಅರ್ಲಿ ಡಿಸಿಷನ್ ಹಾಕಲಿಲ್ಲ

ಮಗಳಿಗೆ ತುಂಬಾ ಇಷ್ಟವಾದ ಅಮೆರಿಕದ ಕಾಲೇಜಿಗೆ ನವೆಂಬರ್ 1ರೊಳಗೆ ಅರ್ಲಿ ಡಿಸಿಷನ್‌ನಲ್ಲಿ (ಸೀಟು ಕೊಟ್ಟರೆ ಅಲ್ಲೇ ಸೇರ್ತೀವಿ ಅಂತ ಮೊದಲೇ ಒಪ್ಪಿ ಹಾಕೋ ಅರ್ಜಿ) ಅರ್ಜಿ ಹಾಕೋದಾ ಬೇಡವಾ ಅಂತ ಕೇಳಿದ್ದೆ. ಕೊನೆಗೆ ಹಾಕಲಿಲ್ಲ. ಜನವರಿಯ ರೆಗ್ಯುಲರ್ ಸುತ್ತಿನಲ್ಲಿ ಹಾಕುತ್ತಾಳೆ.

"ಮೊದಲು ಒಪ್ಪಂದದ ಪತ್ರ ಓದಿ" ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಅದಕ್ಕೆ ಮಗಳು, ನಾನು, ಮೈಸೂರಿನ ಅವಳ ಪಿಯು ಕಾಲೇಜಿನವರು ಮೂವರೂ ಸಹಿ ಹಾಕಬೇಕು. ಸೀಟು ಕೊಟ್ಟರೆ ಉಳಿದ ಅರ್ಜಿಗಳನ್ನೆಲ್ಲ ವಾಪಸ್ ತಗೋಬೇಕು. ಸಿಇಟಿಯಲ್ಲಿ ಸೀಟು ಬಂದ ಮೇಲೂ ಚಾಯ್ಸ್ ಇರುತ್ತಲ್ಲ, ಅರ್ಲಿ ಡಿಸಿಷನ್‌ನಲ್ಲಿ ಹಾಗಲ್ಲ. ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟು, "ಸ್ಕಾಲರ್‌ಶಿಪ್ ಎಷ್ಟು ಕೊಡ್ತಾರೆ ಅಂತ ಗೊತ್ತಾಯ್ತಾ ಸಾರ್?" ಅಂದರು. ಅದು ಸೀಟಿನ ಜೊತೆಗೇ ತಿಳಿಯೋದು. ನಮಗೋ ನಾಲ್ಕೈದು ಕಡೆಯ ನೆರವು ಹೋಲಿಸಿ ನೋಡಲೇಬೇಕು.

ಆ ಕಾಲೇಜಿನ ವೆಬ್‌ಸೈಟಿನ ಖರ್ಚಿನ ಕ್ಯಾಲ್ಕುಲೇಟರ್ ಉಪಯೋಗಕ್ಕೆ ಬರಲಿಲ್ಲ, ಅದು ಅಲ್ಲಿನ ಕುಟುಂಬಗಳಿಗೆ ಮಾಡಿದ್ದು. "ಬೇಗ ಹಾಕಿದರೆ ಸೀಟು ಗ್ಯಾರಂಟಿ" ಅನ್ನೋದೂ ನಿಜವಲ್ಲ.

ಆಶ್ಚರ್ಯವಾಗಿದ್ದು, ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡಿಸಿಕೊಳ್ಳಬಹುದಂತೆ. ಆದರೆ ಆಗ ಕೈಲಿ ಬೇರೆ ಸೀಟು ಇರಲ್ಲ, ಅಲ್ವಾ? ಬೇಗ ಅರ್ಜಿ ಹಾಕೋ ಇನ್ನೊಂದು ದಾರಿಯಾದ ಅರ್ಲಿ ಆ್ಯಕ್ಷನ್‌ಗೆ ಈ ಕಟ್ಟುಪಾಡಿಲ್ಲ. ಉತ್ತರ ಬೇಗ ಬರುತ್ತೆ, ಸೇರೋದನ್ನು ಸಾಮಾನ್ಯವಾಗಿ ಮೇ 1ರೊಳಗೆ ಹೇಳಿದರೆ ಸಾಕು. ಮಗಳು ಬೇರೆ ಎರಡು ಕಾಲೇಜಿಗೆ ಹಾಗೇ ಹಾಕಿದ್ದಾಳೆ.