ಸಹಾಯ ಬೇಕು: ಗುದ್ದಿದ್ದು ಅವರು, ದುಡ್ಡು ಹೋಗಿದ್ದು ನಮ್ಮದು

ನಮಸ್ಕಾರ ಎಲ್ಲರಿಗೂ. ಹೋದ ತಿಂಗಳು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದ್ದೆ, ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಅಮ್ಮ ಹಿಂದಿನ ಸೀಟಿನಲ್ಲಿದ್ದರು, ದೇವರ ದಯೆ, ಏನೂ ಆಗಲಿಲ್ಲ. ಬಂಪರ್, ಡಿಕ್ಕಿ ಬಾಗಿಲು ಎರಡೂ ಹೋದವು. ಆ ಡ್ರೈವರ್ ತಪ್ಪು ಒಪ್ಪಿಕೊಂಡು ಫೋನ್ ನಂಬರ್ ಕೊಟ್ಟಿದ್ದರು, ಈಗ ಎತ್ತುತ್ತಲೇ ಇಲ್ಲ.

ರಿಪೇರಿ ನನ್ನ ಇನ್ಶೂರೆನ್ಸ್‌ನಲ್ಲೇ ಆಯಿತು. ಆದರೆ 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಾವೇ ಕಟ್ಟಬೇಕಾದ 1,000 ರೂಪಾಯಿ, ಪ್ರೀಮಿಯಂ ಕಡಿಮೆ ಆಗಲಿ ಅಂತ ನಾನೇ ಒಪ್ಪಿಕೊಂಡಿದ್ದ 5,000, ಜೊತೆಗೆ ಬಂಪರ್ ಪ್ಲಾಸ್ಟಿಕ್ ಅಂತ ಅದರ ಬೆಲೆಯಲ್ಲಿ ಅರ್ಧ, ಇಷ್ಟೂ ಕೈಯಿಂದಲೇ ಹೋಯಿತು. ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದೇ ಇದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಯಿತು. ಸುಮ್ನೆ ನಿಂತಿದ್ದವರು ಯಾಕೆ ಕೊಡಬೇಕು, ಅಲ್ವಾ?

ಈ ದುಡ್ಡನ್ನು ಗುದ್ದಿದವರ ಥರ್ಡ್ ಪಾರ್ಟಿ ಪಾಲಿಸಿಯಿಂದ (ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ಇನ್ಶೂರೆನ್ಸ್) ಪಡೆಯಬೇಕಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು ಅಂತ ಗೊತ್ತು. ಇಷ್ಟು ಸಣ್ಣ ಮೊತ್ತಕ್ಕೆ ಬೆಂಗಳೂರಿನಲ್ಲಿ ಯಾರಾದರೂ ಹೋಗಿದ್ದೀರಾ? ವಕೀಲರ ನೋಟಿಸ್ ಕಳಿಸಿಯೇ ದುಡ್ಡು ವಾಪಸ್ ಬಂದವರು ಇದ್ದೀರಾ? ಆಗ ಎಫ್‌ಐಆರ್ ಮಾಡಿಸಲಿಲ್ಲ, ಈಗ ಸ್ಟೇಷನ್ನಿನಲ್ಲಿ ದೂರು ತೆಗೆದುಕೊಳ್ಳುತ್ತಾರಾ? ಡ್ಯಾಶ್‌ಕ್ಯಾಮ್ ವಿಡಿಯೋ, ಅವರ ಗಾಡಿ ನಂಬರ್, ಗ್ಯಾರೇಜ್ ಬಿಲ್ ಎಲ್ಲ ಇಟ್ಟುಕೊಂಡಿದ್ದೇನೆ. ಅನುಭವ ಇದ್ದವರು ದಯವಿಟ್ಟು ಹೇಳಿ.