ಮದುವೆಗೆ ಅಂತ ಮತಾಂತರ ಆದ್ರೆ ಅಪ್ಪನ ತೋಟದಲ್ಲಿ ಪಾಲು ಹೋಗುತ್ತಾ?

ಕಲ್ಪತರು_ಹುಡುಗಿ
ನಮ್ಮದು ತಿಪಟೂರು ಕಡೆ. ಮೂರೂವರೆ ಎಕರೆ ತೆಂಗಿನ ತೋಟ, ಪಿತ್ರಾರ್ಜಿತ. ನಾನು, ತಮ್ಮ ಇಬ್ಬರೇ. ನಾನು ಮದುವೆ ಆಗಬೇಕು ಅಂತಿರೋ ಹುಡುಗ ಮುಸ್ಲಿಂ. ಅವನಿಗೆ ಯಾವ ಹಟವೂ ಇಲ್ಲ, ಅವರಮ್ಮನಿಗೆ ಮಾತ್ರ ನಿಕಾಹ್ ಆಗಲೇಬೇಕು. "ಕಲ್ಮಾ ಹೇಳು ಬೇಟಿ, ಒಂದು ಹೆಸರು ಇಟ್ಕೋ, ಆಮೇಲೆ ನಿನ್ನ ದೇವರ ಪಟಕ್ಕೆ ನಾನೇ ಗೂಡು ಹೊಡೆಸಿಕೊಡ್ತೀನಿ" ಅಂತಾರೆ. ಒಳ್ಳೇ ಹೆಂಗಸು. ಬಿರಿಯಾನಿ ಮಾಡಿದ ದಿನ ನನಗೆ ಅಂತ ಬೇರೆ ಪಾತ್ರೇಲಿ ಅನ್ನ, ತಿಳಿಸಾರು ಇಟ್ಟಿರ್ತಾರೆ. ಈ ಕಡೆ ನಮ್ಮ ಚಿಕ್ಕಪ್ಪ, "ಮತ ಬಿಟ್ಟ ದಿನ ಪಹಣೀಲಿ ನಿನ್ನ ಹೆಸರು ಬರೋ ಆಸೆನೂ ಬಿಟ್ಟುಬಿಡು" ಅಂದಿದ್ದಾರೆ. ನಿಜಾನಾ?

ಹಳೇ_ಗುಮಾಸ್ತ
ಇಪ್ಪತ್ತೆರಡು ವರ್ಷ ವಕೀಲರ ಆಫೀಸಲ್ಲಿ ಕಡತ ಹೊತ್ತಿದ್ದೀನಮ್ಮ. ಚಿಕ್ಕಪ್ಪನ ಮಾತು ಸುಳ್ಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಸೆಕ್ಷನ್ ಹೊರಗಿಡೋದು ಮತಾಂತರ ಆದವರನ್ನಲ್ಲ, ಆಮೇಲೆ ಅವರಿಗೆ ಹುಟ್ಟೋ ಮಕ್ಕಳನ್ನ. ನಿಮ್ಮ ಪಾಲು ನಿಮಗೆ ಬರುತ್ತೆ. ನಿಮ್ಮ ಮಕ್ಕಳು ಮಾತ್ರ ಹಿಂದೂಗಳಾಗಿರದಿದ್ದರೆ ತಾತನ ಆಸ್ತಿಗೋ ಸೋದರಮಾವನ ಆಸ್ತಿಗೋ ನೇರವಾಗಿ ವಾರಸುದಾರರಾಗಲ್ಲ.

ಎಲ್ಲರೂ ತೋಟದ ಲೆಕ್ಕ ಹಾಕ್ತಾರೆ, ಗಂಡನ ಕಡೆ ಲೆಕ್ಕ ಯಾರೂ ಕೇಳಲ್ಲ. ಮತಾಂತರ ಆಗಿ ನಿಕಾಹ್ ಆದ್ರೆ, ಮಕ್ಕಳಿದ್ದಾಗ ವಿಧವೆಗೆ ಗಂಡನ ಆಸ್ತೀಲಿ ಎಂಟನೇ ಒಂದು ಭಾಗ. ಮತಾಂತರ ಆಗದೆ ಬರೀ ನಿಕಾಹ್ ಆದ್ರೆ ಅದೂ ಇಲ್ಲ: 2019ರಲ್ಲಿ ಸುಪ್ರೀಂ ಕೋರ್ಟ್ ಅಂಥ ಮದುವೆ ಅಸಿಂಧು ಅಲ್ಲ, ಆದರೆ ಕ್ರಮಬದ್ಧವೂ ಅಲ್ಲ ಅಂತು. ಮಕ್ಕಳು ಸಕ್ರಮ, ಅವರಿಗೆ ಅಪ್ಪನ ಆಸ್ತಿ ಉಂಟು. ಹೆಂಡತಿಗೆ ಮೆಹರ್ (ನಿಕಾಹ್‌ನಲ್ಲಿ ಗಂಡ ಕೊಡಬೇಕಾದ ವಧುಧನ) ಉಂಟು, ವಾರಸುದಾರಿಕೆ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೇಲಿ ಆದ್ರೆ ಮಕ್ಕಳಿದ್ದರೂ ವಿಧವೆಗೆ ಮೂರನೇ ಒಂದು ಭಾಗ, ಮತ ಬದಲಾಯಿಸೋ ಮಾತೇ ಇಲ್ಲ.

ದಾವಣಗೆರೆ_ಸೊಸೆ
ನಾನು ಆಗಿದ್ದು ಹಾಗೇ. ಕಷ್ಟ ಇರೋದು 30 ದಿನದ ನೋಟಿಸಲ್ಲಿ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿಗೆ ನಮ್ಮ ಹೆಸರು, ವಿಳಾಸ ಅಂಟಿಸಿದ್ರು. ಹನ್ನೊಂದನೇ ದಿನಕ್ಕೆ ಯಾರೋ ಫೋಟೊ ತೆಗೆದು ಅಪ್ಪನ ವಾಟ್ಸ್ಆ್ಯಪಿಗೆ ಕಳಿಸಿದ್ರು. ಅದಕ್ಕೆ ಮುಂಚೆ ಮನೇಲಿ ನೀವೇ ಹೇಳಿಬಿಡಿ. ಮೂರು ಜನ ಸಾಕ್ಷಿ ಬೇಕು, ಅವರ ಆಧಾರ್ ಜೆರಾಕ್ಸ್ ಎರಡೆರಡು ಇಟ್ಕೊಳ್ಳಿ.

ಬರಗೂರ_ಬಸವ
ಎಸ್‌ಸಿ ಸರ್ಟಿಫಿಕೇಟ್ ಇದ್ರೆ ಇನ್ನೊಂದು ಸಲ ಯೋಚನೆ ಮಾಡಿ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಅದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕಲ್ಮಾ ಹೇಳಿದ್ರೆ ಮೀಸಲಾತಿ ಹೋಯ್ತು. ಎಸ್‌ಟಿಗೆ ಈ ಷರತ್ತಿಲ್ಲ.

ಕಲ್ಪತರು_ಹುಡುಗಿ
ನಮಗೆ ಎಸ್‌ಸಿ ಇಲ್ಲ ಅಣ್ಣ. ಗುಮಾಸ್ತ ಸರ್, ಒಂದು ಪಕ್ಷ ಮತಾಂತರ ಆಗಿ, ಮುಂದೆ ಹೊಂದಿಕೆ ಆಗದೆ ವಾಪಸ್ ಬಂದ್ರೆ?

ಹಳೇ_ಗುಮಾಸ್ತ
ಅದೇ ಸೂಕ್ಷ್ಮ. ಮುಸ್ಲಿಂ ಹೆಂಡತಿ ಇಸ್ಲಾಂ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯಲ್ಲ ಅನ್ನುತ್ತೆ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯ 4ನೇ ಸೆಕ್ಷನ್. ಆದರೆ ಬೇರೆ ಮತದಿಂದ ಬಂದು ತನ್ನ ಹಳೇ ಮತಕ್ಕೇ ಹಿಂತಿರುಗಿದವಳಿಗೆ ಆ ರಕ್ಷಣೆ ಇಲ್ಲ ಅಂತಲೂ ಅಲ್ಲೇ ಬರೆದಿದೆ. ಅಂದ್ರೆ ನೀವು ಮತ್ತೆ ಮನೆದೇವರಿಗೆ ನಡೆದುಕೊಂಡರೆ ನಿಮ್ಮ ಮದುವೆ ಉಳಿದಿದೆಯೋ ಇಲ್ಲವೋ ಅನ್ನೋದಕ್ಕೇ ವ್ಯಾಜ್ಯ ಹೂಡಬಹುದು.

ಕಲ್ಪತರು_ಹುಡುಗಿ
ನಿಮ್ಮ ಉತ್ತರ ಅವರಮ್ಮನಿಗೆ ಓದಿ ಹೇಳಿದೆ. "ಎಂಟನೇ ಒಂದಾ?" ಅಂತ ಎರಡು ಸಲ ಕೇಳಿದ್ರು. ಆಮೇಲೆ, ರಿಜಿಸ್ಟರ್ ಆದ ದಿನ ಮನೇಲಿ ದುವಾ ಮಾಡಿಸಿ ಊಟ ಹಾಕೋಕೆ ಕಾನೂನಿನ ಅಡ್ಡಿ ಇದೆಯಾ ಕೇಳು ಅಂದ್ರು.

ಹಳೇ_ಗುಮಾಸ್ತ
ಊಟಕ್ಕೆ ಯಾವ ಸೆಕ್ಷನ್ನೂ ಇಲ್ಲಮ್ಮ.